ಸಂಡಾಸಿಗೆ ಬಾಗಿಲು ಬಂದ ವರ್ಷ

ನಮ್ಮ ಚಾಳಿನ ಸಂಡಾಸಿನ ಗೋಡೆ ಬಿರುಕು ಬಿಟ್ಟ ಮಳೆಗಾಲದಲ್ಲಿ ನಾವು ಹಿಂಬದಿಯ ಜೋಪಡಿ ಬಸ್ತಿಯವರ ಜೊತೆ ಸಾಲಿನಲ್ಲಿ ನಿಲ್ಲಲು ಕಲಿತೆವು. ಅದಕ್ಕೂ ಮೊದಲು ಅವರಿಗೂ ನಮಗೂ ನಡುವೆ ಒಂದು ಕಾಂಪೌಂಡ್ ಗೋಡೆ ಇತ್ತು. ಗೋಡೆಯಲ್ಲಿ ಒಬ್ಬರು ಅಡ್ಡ ತಿರುಗಿ ನುಸುಳುವಷ್ಟು ಒಂದು ಕಂಡಿ ಇತ್ತು. ಆ ಕಂಡಿಯಿಂದ ಅವರ ಕೋಳಿಗಳು ನಮ್ಮ ಕಡೆ ಬರುತ್ತಿದ್ದವು, ನಮ್ಮ ಮಕ್ಕಳು ಕ್ರಿಕೆಟ್ ಚೆಂಡು ಹುಡುಕಿಕೊಂಡು ಆ ಕಡೆ ಹೋಗುತ್ತಿದ್ದರು. ದೊಡ್ಡವರು ಹೋಗುತ್ತಿರಲಿಲ್ಲ.

ಕುರ್ಲಾ ಸ್ಟೇಷನ್ನಿನಿಂದ ಇಳಿದು, ಗುಜರಿ ಅಂಗಡಿಗಳ ಸಾಲು ದಾಟಿ ಒಳಗೆ ಬಂದರೆ ನಮ್ಮ ಚಾಳು. ನೆಲಮಹಡಿ ಬಿಟ್ಟು ಎರಡು ಅಂತಸ್ತು, ಉದ್ದಕ್ಕೂ ಮರದ ಕಟಕಟೆಯ ಗ್ಯಾಲರಿ, ಪ್ರತಿ ಗ್ಯಾಲರಿಯ ಕೊನೆಯಲ್ಲಿ ಸಂಡಾಸು. ಮದುವೆಯಾಗಿ ಕುಂದಾಪುರದ ಕಡೆಯಿಂದ ನಾನು ಇಲ್ಲಿಗೆ ಬಂದಾಗ ನೆಲಮಹಡಿಯ ಒಂದೇ ಕೋಣೆಯ ಮನೆ ನೋಡಿ ಗಾಬರಿಯಾಗಿತ್ತು, ಆಮೇಲೆ ಅಭ್ಯಾಸವಾಯಿತು. ಗಂಡ ಮಾಟುಂಗದ ಕಡೆ ಒಂದು ಹೋಟೆಲಿನಲ್ಲಿ ಹಣ ತೆಗೆದುಕೊಳ್ಳುವ ಗಲ್ಲೆಯ ಮೇಲೆ ಕೂರುತ್ತಾರೆ. ನಾನು ಬಾಗಿಲ ಬಳಿಯ ಬೆಳಕಿನಲ್ಲಿ ಮಷೀನು ಇಟ್ಟುಕೊಂಡು ಬ್ಲೌಸ್ ಹೊಲಿಯುತ್ತೇನೆ, ಸೀರೆಗಳಿಗೆ ಫಾಲ್ ಹಚ್ಚುತ್ತೇನೆ. ನಮಗೆ ಒಬ್ಬಳೇ ಮಗಳು.

ಸಂಡಾಸಿನ ಗೋಡೆ ಬಿರುಕು ಬಿಟ್ಟಾಗ ಮಾಲೀಕನ ಕಡೆಯವನೊಬ್ಬ ಬಂದು ಕೆಳಗಿನಿಂದ ಮೇಲಿನವರೆಗೆ ಮರದ ಕಂಬಗಳನ್ನು ಆನಿಸಿ ನಿಲ್ಲಿಸಿ ಹೋದ. ಸಂಡಾಸುಗಳಿಗೆ ಅಡ್ಡಪಟ್ಟಿ ಹೊಡೆಸಿದ. ರಿಪೇರಿ ಯಾವಾಗ ಎಂದು ಕೇಳಿದರೆ, ಇವತ್ತಲ್ಲ ನಾಳೆ ಇಡೀ ಚಾಳೇ ಬಿಲ್ಡರಿಗೆ ಹೋಗುವುದಿದೆ, ಈಗ ರಿಪೇರಿ ಯಾಕೆ ಎಂದ. ಆ ನಾಳೆ ಇನ್ನೂ ಬಂದಿಲ್ಲ. ಕಂಬಗಳು ಇನ್ನೂ ನಿಂತಿವೆ, ಒಂದರ ಮೇಲೆ ಯಾರೋ ತುಳಸಿಯ ಡಬ್ಬ ಕಟ್ಟಿದ್ದಾರೆ.

ಹಾಗಾಗಿ ಕಂಡಿಯಿಂದ ನುಸುಳಿ ಬಸ್ತಿಯ ಸಾರ್ವಜನಿಕ ಸಂಡಾಸಿಗೆ ಹೋಗಬೇಕಾಯಿತು. ಹೆಂಗಸರ ಕಡೆ ಆರು ಕೋಣೆ. ಮೂರಕ್ಕೆ ಮಾತ್ರ ಬಾಗಿಲು, ಆ ಮೂರರಲ್ಲಿ ಚಿಲಕ ಇದ್ದದ್ದು ಒಂದಕ್ಕೆ. ನೀರು ಇಲ್ಲ, ಮನೆಯಿಂದ ಬಕೆಟ್ಟು ಹೊತ್ತುಕೊಂಡು ಹೋಗಬೇಕು. ಬಾಗಿಲಿಲ್ಲದ ಕೋಣೆಗೆ ಹೋಗುವವಳು ಇನ್ನೊಬ್ಬಳನ್ನು ಕರೆದುಕೊಂಡು ಹೋಗುತ್ತಾಳೆ. ಆಕೆ ತನ್ನ ಓಢಣಿಯನ್ನೋ ಸೆರಗನ್ನೋ ಅಡ್ಡ ಹಿಡಿದು, ಬೆನ್ನು ತಿರುಗಿಸಿ ನಿಲ್ಲುತ್ತಾಳೆ. ಬೆನ್ನು ತಿರುಗಿಸುವುದು ಅಲ್ಲಿಯ ಮರ್ಯಾದೆ.

ಮೊದಲ ದಿನ ನಾನು ಒಬ್ಬಳೇ ಹೋಗಿದ್ದೆ. ಬಕೆಟ್ಟು ಕೈಯಲ್ಲಿ ಹಿಡಿದು, ಬಾಗಿಲಿಲ್ಲದ ಕೋಣೆಯ ಎದುರು ನಿಂತು, "ದೇವರೇ, ಇದೆಂಥ ಗತಿ" ಎಂದು ನನ್ನಷ್ಟಕ್ಕೆ ಅಂದುಕೊಂಡದ್ದು ಸ್ವಲ್ಪ ಜೋರಾಗಿಯೇ ಬಾಯಿಂದ ಬಂದಿರಬೇಕು. ಹಿಂದೆ ನಿಂತಿದ್ದ ವಯಸ್ಸಾದ ಹೆಂಗಸು ಹೇಳಿದಳು:

"ಹೋಗ್ರಿ ಅಕ್ಕಾರ. ನಾ ನಿಂತೀನಿ."

ಇಳಕಲ್ ಸೀರೆ, ಹಣೆಯ ತುಂಬ ಕುಂಕುಮ, ಎತ್ತರದ ಗಟ್ಟಿ ಮೈಕಟ್ಟು. ಸೆರಗು ಬಿಚ್ಚಿ ಎರಡೂ ಕೈಯಲ್ಲಿ ಹಿಡಿದು ಆಗಲೇ ಬೆನ್ನು ತಿರುಗಿಸಿ ನಿಂತಿದ್ದಳು. ಗುರುತು ಪರಿಚಯವಿಲ್ಲದ ಹೆಂಗಸು. ನಾನು ಒಳಗೆ ಹೋಗಿ ಕೂತವಳು ಅತ್ತುಬಿಟ್ಟೆ. ಹೊರಗೆ ಬಂದಾಗ ಅವಳು ನನ್ನ ಮುಖ ನೋಡಿಯೂ ನೋಡದವಳಂತೆ, "ನಾಳಿಂದ ಸ್ವಲ್ಪ ಲಗೂನ ಬರ್ರಿ, ಗದ್ದಲ ಇರೂದಿಲ್ಲ" ಎಂದಳು.

ಬಸ್ತಿಯಲ್ಲಿ ಎಲ್ಲರೂ ಅವಳನ್ನು ಮಾವುಶಿ ಎನ್ನುತ್ತಿದ್ದರು. ಮರಾಠಿಯಲ್ಲಿ ಚಿಕ್ಕಮ್ಮ ಎಂದ ಹಾಗೆ. ನಾನೂ ಹಾಗೇ ಕರೆಯತೊಡಗಿದೆ. ವಿಜಾಪುರದ ಕಡೆಯವಳು. ಗಂಡನ ಜೊತೆ ಮುಂಬಯಿಗೆ ಬಂದು ವರ್ಷಗಟ್ಟಲೆ ಕಟ್ಟಡಗಳಲ್ಲಿ ಸಿಮೆಂಟಿನ ಬುಟ್ಟಿ ಹೊತ್ತಿದ್ದಳು. ಗಂಡ ಹೋದ ಮೇಲೆ, ಮೈಯಲ್ಲಿ ಕಸುವು ಕಡಿಮೆಯಾದ ಮೇಲೆ, ಸ್ಟೇಷನ್ ರಸ್ತೆಯಲ್ಲಿ ಗೋಣಿ ಹಾಸಿ ಕೊತ್ತಂಬರಿ, ಮೆಂತ್ಯೆ ಮಾರುತ್ತಿದ್ದಳು.

ನಾನು ಹೇಗೋ ಹೊಂದಿಕೊಂಡೆ. ಮಗಳಿಗೆ ಆಗಲಿಲ್ಲ. ಅವಳು ಆಗಷ್ಟೇ ದೊಡ್ಡವಳಾಗಿದ್ದಳು. ಒಂದು ದಿನ ಶಾಲೆಯಿಂದ ಬಂದವಳು ಹೊಟ್ಟೆ ಹಿಡಿದುಕೊಂಡು ಮಲಗಿದಳು, ಮೈ ಕೆಂಡದಂತೆ ಸುಡುತ್ತಿತ್ತು. ಡಾಕ್ಟರು ನೋಡಿ, ಮೂತ್ರದಲ್ಲಿ ಸೋಂಕಾಗಿದೆ, ಇವಳು ನೀರೇ ಕುಡಿಯುವುದಿಲ್ಲವೇ ಎಂದು ಕೇಳಿದರು. ಮನೆಗೆ ಬಂದು ನಾನು ಲೋಟದಲ್ಲಿ ನೀರು ಹಿಡಿದು ಗದರಿದೆ. ಅವಳಿಗೆ ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲೇ.

"ಪಾನಿ ಪಿಯೂಂಗಿ ತೋ ವಹಾಂ ಜಾನಾ ಪಡೇಗಾ ನಾ, ಮಮ್ಮಿ."

ನೀರು ಕುಡಿದರೆ ಅಲ್ಲಿಗೆ ಹೋಗಬೇಕಲ್ಲ. ಲೋಟವನ್ನು ನಾನು ಕೆಳಗಿಟ್ಟೆ. ಇದನ್ನು ಮಾವುಶಿಯ ಹತ್ತಿರ ಹೇಳಿಕೊಂಡೆ. ಅವಳು ಸೊಪ್ಪಿನ ಮೇಲೆ ನೀರು ಚಿಮುಕಿಸುತ್ತ ಕೇಳಿಸಿಕೊಂಡಳು.

ಆ ವಾರವೇ ಇರಬೇಕು, ನಾನು ಮಷೀನಿನ ಎದುರು ಕೂತಿದ್ದೆ. ಅಂಗಳದಲ್ಲಿ ಯಾರೋ ಒಂದು ಬಾಗಿಲನ್ನು ತಲೆಯ ಮೇಲೆ ಹೊತ್ತು ಬರುತ್ತಿರುವುದು ಕಂಡಿತು. ಬಾಗಿಲ ಕೆಳಗೆ ಇಳಕಲ್ ಸೀರೆ.

"ಅಕ್ಕಾರ, ಸ್ವಲ್ಪ ಕೈ ಕೊಡ್ರಿ, ಇಳಸ್ತೀನಿ."

ಇಳಿಸಿ ಗೋಡೆಗೆ ಆನಿಸಿದೆವು. ಒಳ್ಳೆಯ ಗಟ್ಟಿ ಬಾಗಿಲು, ಮೇಲೆ ಪಾಲಿಶ್, ನಡುವೆ ಹೊರಗಿನವರನ್ನು ಇಣುಕಿ ನೋಡುವ ಗಾಜಿನ ಕಣ್ಣು, ಅದರ ಕೆಳಗೆ ಅರ್ಧ ಹರಿದ ಗಣಪತಿಯ ಸ್ಟಿಕರು.

"ಎಲ್ಲಿಂದ ತಂದಿರಿ ಮಾವುಶಿ?"

"ಅಲ್ಲಿ ಹಳೇ ಬಿಲ್ಡಿಂಗ್ ಒಡ್ಯಾಕ ಹತ್ಯಾರಲ್ರಿ. ಅಲ್ಲಿ ಕೂಲ್ಯಾರ ಮುಕಾದಮ ನಮ್ಮ ಕಡ್ಯಾಂವ. ಒಂದು ಒಯ್ತೀನೋ ತಮ್ಮಾ ಅಂದೆ. ಒಯ್ಯವ್ವಾ ಅಂದ. ಇನ್ನೂ ಅದಾವ ಅಂತ."

"ನಿಮ್ಮ ಮನೆಗೆ ಬಾಗಿಲು ಇದೆಯಲ್ಲ?"

"ಮನಿಗ್ಯಾಕ್ರಿ? ಸಂಡಾಸಕ್ಕ ತಂದೀನಿ. ನಿಮ್ಮ ಚಾಳದಾಗ ಬಡಿಗ್ಯಾರು ಇದ್ದಾರಲ್ಲ, ಅವರಿಗೆ ಹೇಳ್ರಿ. ಹುಡುಗಿ ನೀರು ಕುಡೀಲಿ."

ಕೆಲಸ ಶುರುವಾದದ್ದು ಹೀಗೆ. ಸಭೆ, ಸಮಿತಿ ಎಲ್ಲ ಆಮೇಲೆ ಬಂದವು. ಮೊದಲು ಬಂದದ್ದು ಬಾಗಿಲು.

ನೆಲಮಹಡಿಯಲ್ಲಿದ್ದ ಮರಾಠಿ ಕಾಕಾ ಫರ್ನಿಚರ್ ಅಂಗಡಿಯಲ್ಲಿ ದುಡಿದು ನಿವೃತ್ತರಾದವರು. ಬಾಗಿಲು ನೋಡಿ, ಫ್ಲ್ಯಾಟಿನ ಬಾಗಿಲು ಅಗಲ, ಸಂಡಾಸಿನ ಚೌಕಟ್ಟು ಸಣ್ಣದು, ಗರಗಸ ಹಾಕಬೇಕು ಎಂದು ಗೊಣಗಿದರು. ಗೊಣಗುತ್ತಲೇ ಮರುದಿನ ಕೊಯ್ದರು. ಮಾವುಶಿ ಮತ್ತು ಬಸ್ತಿಯ ಇನ್ನಿಬ್ಬರು ಹೆಂಗಸರು ಹಳೆಯ ಮುರುಕು ಬಾಗಿಲುಗಳ ಬದಲಿಗೂ ಸೇರಿ ಒಂದೊಂದಾಗಿ ಇನ್ನೂ ಕೆಲವು ಹೊತ್ತು ತಂದರು. ನಾನೂ ಒಂದನ್ನು ತರಲು ಹೋಗಿದ್ದೆ. ರಸ್ತೆಯ ಅರ್ಧಕ್ಕೇ ಕತ್ತು ಉಳುಕಿ, ರಿಕ್ಷಾದವನಿಗೆ ಕೈಮುಗಿದು, ಅದನ್ನು ಅಡ್ಡ ಇಟ್ಟುಕೊಂಡು ಬಂದೆ. ಹೀಗೆ ನಮ್ಮ ಸಂಡಾಸಿಗೆ ಬೇರೆ ಬೇರೆ ಮನೆಗಳ ಬಾಗಿಲುಗಳು ಬಂದವು. ಒಂದಕ್ಕೆ ಪತ್ರ ಹಾಕುವ ಕಂಡಿ. ಒಂದಕ್ಕೆ ಮಕ್ಕಳ ಎತ್ತರ ಅಳೆದು ಗೀಚಿದ ಪೆನ್ಸಿಲ್ ಗೆರೆಗಳು. ಗಾಜಿನ ಕಣ್ಣಿನ ಬಾಗಿಲನ್ನು ಕಾಕಾ ಗೊತ್ತಿಲ್ಲದೆ ಹಿಂದುಮುಂದು ಕೂರಿಸಿಬಿಟ್ಟಿದ್ದರು. ಹೊರಗೆ ನಿಂತವರಿಗೆ ಒಳಗಿನದು ಕಾಣುತ್ತದೆ ಎಂದು ಹುಡುಗಿಯರು ಚೀರಾಡಿದರು. ಕೊನೆಗೆ ಪೈಪಿನ ಬಿರುಕಿಗೆ ಮೆತ್ತುವ ಅಂಟು ತುಂಬಿ ಅದನ್ನು ಮುಚ್ಚಿದೆವು. ಆ ದಿನ ನಾವೆಲ್ಲ ಬಹಳ ನಕ್ಕೆವು. ಗಂಡಸರು ಆ ಕಡೆಯಿಂದ, "ನಮ್ಮ ಕಡೆಗೂ ಒಂದು ತನ್ನಿ" ಎಂದು ಕೂಗಿದರು. "ನಿಮಗ ತಲಿ ಇಲ್ಲೇನು ಹೊರಾಕ?" ಎಂದಳು ಮಾವುಶಿ.

ನೀರಿನ ಕೆಲಸ ಇಷ್ಟು ಸುಲಭವಾಗಲಿಲ್ಲ. ಆ ಜಾಗ ಯಾರದು ಎಂಬುದೇ ಯಾರಿಗೂ ಗೊತ್ತಿರಲಿಲ್ಲ. ಒಂದು ಆಫೀಸಿಗೆ ಹೋದರೆ ಅದು ಆ ಆಫೀಸಿಗೆ ಸೇರಿದ್ದು ಎನ್ನುತ್ತಿದ್ದರು, ಅಲ್ಲಿಗೆ ಹೋದರೆ ಇಲ್ಲಿಗೆ ಕಳಿಸುತ್ತಿದ್ದರು. ಯಾರೂ ಬೈಯಲಿಲ್ಲ, ಕೂರಲು ಬೆಂಚು ಕೊಡುತ್ತಿದ್ದರು, ಒಬ್ಬರು ಚಹಾ ಕೂಡ ತರಿಸಿದರು. ಆದರೆ ಬೆಂಚಿನ ಮೇಲೆ ಕೂತು ಕೂತು ನನ್ನ ಹೊಲಿಗೆಯ ಕೆಲಸ ಹಿಂದೆ ಬಿತ್ತು. ಗಿರಾಕಿಗಳು ಬಾಗಿಲಿಗೆ ಬಂದು, ಮದುವೆ ಮುಗಿದ ಮೇಲೆ ಬ್ಲೌಸ್ ಕೊಡುತ್ತೀಯಾ ಎಂದು ರೇಗಿದರು. ಮನೆಯವರಿಗೂ ಬೇಸರ ಬಂತು. ಒಂದು ದಿನ ಚಪ್ಪಲಿ ಕಳಚುತ್ತಲೇ ಶುರುಮಾಡಿದರು.

"ಎಂತಕ್ಕೆ ನಿಂಗೆ ಊರಿನ ಉಸಾಬರಿ? ಗಲ್ಲೆ ಮೇಲೆ ಕೂತ್ಕಂಡ್ ಜನರ ಮುಖ ಕಂಡ್ ಕಂಡ್ ನಂಗ್ ಸಾಕಾಯ್ತ್. ಮನೆಗ್ ಬಂದ್ರೆ ಇಲ್ಲೂ ಜನವಾ?"

ನಿಜವೇ ಆಗಿತ್ತು. ನಮ್ಮ ಮನೆಯ ಹೊಸ್ತಿಲಲ್ಲಿ ಯಾರಾದರೂ ಕೂತೇ ಇರುತ್ತಿದ್ದರು. ನಾನೂ ಸಿಟ್ಟಿನಿಂದ, "ನಿಮಗೆ ಹೋಟೆಲಿನಲ್ಲಿ ಎಲ್ಲ ವ್ಯವಸ್ಥೆ ಇದೆ. ನೀವು ಅಲ್ಲಿಂದಲೇ ಮುಗಿಸಿಕೊಂಡು ಬರುತ್ತೀರಿ. ನಮಗೆ?" ಎಂದೆ. ಅವರು ಅನ್ನದ ತಟ್ಟೆ ಎಳೆದುಕೊಂಡರು. ಆದರೆ ಮುಂದಿನ ರಜೆಯ ದಿನ ಹೋಟೆಲಿನಲ್ಲಿ ಬಳಸದೆ ಬಿದ್ದಿದ್ದ ಒಂದು ದೊಡ್ಡ ನೀಲಿ ಡ್ರಮ್ಮು, ಅದಕ್ಕೆ ನಲ್ಲಿ ಕೂರಿಸಿದ್ದು, ಟೆಂಪೋದಲ್ಲಿ ಹಾಕಿಸಿಕೊಂಡು ಬಂದು ಸಂಡಾಸಿನ ಎದುರು ಇಳಿಸಿದರು. ಪೈಪು ಬರುವವರೆಗೆ ನಾವು ಹೆಂಗಸರು ಸರದಿಯಲ್ಲಿ ಅದಕ್ಕೆ ನೀರು ತುಂಬಿದೆವು. ಪೈಪು ಬಂದದ್ದು ಎಷ್ಟೋ ಕಾಲದ ಮೇಲೆ. ಯಾವ ಆಫೀಸು ಒಪ್ಪಿತು ಎಂಬುದು ಇವತ್ತಿಗೂ ನನಗೆ ಸರಿಯಾಗಿ ಗೊತ್ತಿಲ್ಲ.

ಮಗಳು ನೀರು ಕುಡಿಯತೊಡಗಿದಳು. ನನಗೆ ಬೇಕಾಗಿದ್ದದ್ದು ಅಷ್ಟೇ. ಅಲ್ಲಿಗೇ ನಿಲ್ಲಿಸಿಬಿಟ್ಟಿದ್ದರೆ ಇವತ್ತು ಇಷ್ಟು ದಣಿವಾಗುತ್ತಿರಲಿಲ್ಲವೋ ಏನೋ.

ಜಾಗ ಸ್ವಚ್ಛವಾದ ಮೇಲೆ ಜಗಳ ಶುರುವಾಯಿತು. ಕೊಳಕಾಗಿದ್ದಾಗ ಅದು ಯಾರಿಗೂ ಬೇಡದ ಜಾಗವಾಗಿತ್ತು. ಈಗ ನಮ್ಮ ಚಾಳಿನವರು ಗ್ಯಾಲರಿಯಲ್ಲಿ ಸಭೆ ಕರೆದರು. ಎರಡನೇ ಮಾಳಿಗೆಯಲ್ಲಿ ನಮ್ಮ ಊರ ಕಡೆಯದೇ ಒಂದು ಕುಟುಂಬವಿತ್ತು. ಆ ಮನೆಯ ಹೆಂಗಸು ನನಗಿಂತ ದೊಡ್ಡವರು, ಬಾಣಂತನದಲ್ಲಿ ನನಗೆ ಬಿಸಿನೀರು ಕಾಸಿ ಹಾಕಿದವರು. ಅವರೇ ಮಾತೆತ್ತಿದರು.

"ಎರಡು ಕೋಣೆಗೆ ಬೀಗ ಹಾಕುವ. ಕೀಲಿಕೈ ಚಾಳಿನವರ ಹತ್ರ ಇರಲಿ. ನಾವೆಂತ ಆರನ್ನೂ ಕೇಳ್ತಾ ಇದ್ದೇವಾ? ನಮ್ಮ ಹೆಣ್ಮಕ್ಕಳಿಗೆ ಎರಡಾದ್ರೂ ಬೇರೆ ಬೇಡ್ವಾ?"

"ಬಾಗಿಲು ತಂದವರು ಅವರು" ಎಂದೆ.

"ಕೂರಿಸಿದವರು ನಮ್ಮವರು. ಡ್ರಮ್ಮು ತಂದವರು ನಿನ್ನ ಗಂಡ. ನೀನು ಯಾರ ಕಡೆ ಮಾರಾಯ್ತಿ?"

ನಾನೊಬ್ಬಳೇ ಬೇಡ ಎಂದೆ. ಮರಾಠಿ ಕಾಕಾ ಕೆಮ್ಮಿದರು, ಬೇಡ ಎನ್ನಲಿಲ್ಲ. ಉಳಿದವರು ಕೈ ಎತ್ತಿದರು. ಎರಡು ಬಾಗಿಲಿಗೆ ಹಿತ್ತಾಳೆಯ ಬೀಗ ಬಿತ್ತು, ಮನೆಮನೆಗೂ ಒಂದೊಂದು ಕೀಲಿಕೈ ಹಂಚಿದರು. ನನ್ನ ಪಾಲಿನದನ್ನು ನಾನು ತೆಗೆದುಕೊಳ್ಳಲಿಲ್ಲ. ಎರಡನೇ ಮಾಳಿಗೆಯವರು ಅಂದಿನಿಂದ ನನ್ನೊಡನೆ ಮಾತು ಬಿಟ್ಟರು. ಸಂಕ್ರಾಂತಿಗೆ ಎಳ್ಳುಂಡೆ ಕಳಿಸಿದರೆ ತಟ್ಟೆ ಹಾಗೇ ವಾಪಸು ಬಂತು.

ಬೀಗ ಬಿದ್ದ ಮರುದಿನ ಬೆಳಿಗ್ಗೆ ಮಾವುಶಿ ಸಾಲಿನಲ್ಲಿ ನಿಂತಿದ್ದಳು. ಬೀಗವನ್ನು ಕೈಯಲ್ಲಿ ಎತ್ತಿ ನೋಡಿದಳು, ಬಿಟ್ಟಳು. ನಾನು ಏನಾದರೂ ಹೇಳಬೇಕೆಂದು ಹತ್ತಿರ ಹೋದೆ. "ಇರ್ಲಿ ಬಿಡ್ರಿ ಅಕ್ಕಾರ" ಎಂದಳು. ಮನೆಗೆ ಹೋದಳು. ಇಬ್ಬರು ಹೆಂಗಸರನ್ನು, ಒಂದು ಸ್ಕ್ರೂಡ್ರೈವರನ್ನು ಕರೆತಂದಳು. ಹೌದು, ಸ್ಕ್ರೂಡ್ರೈವರನ್ನೂ ಒಬ್ಬ ನೆಂಟನನ್ನು ಕರೆತರುವಷ್ಟು ಗತ್ತಿನಿಂದಲೇ ತಂದಿದ್ದಳು. ಎಲ್ಲರೂ ನೋಡುತ್ತಿರುವಂತೆ, ಬೀಗ ಹಾಕಿದ್ದ ಗಣಪತಿ ಸ್ಟಿಕರಿನ ಬಾಗಿಲಿನ ತಿರುಗಣಿಗಳನ್ನು ಬಿಚ್ಚಿಸಿದಳು. ಕೊಂಡಿಯ ಸ್ಕ್ರೂ ತೆಗೆಸಿದಳು. ಬೀಗವನ್ನು ಮುಟ್ಟಲಿಲ್ಲ, ಅದು ಚೌಕಟ್ಟಿನ ಕೊಂಡಿಯಲ್ಲಿ ಹಾಗೇ ಜೋತಾಡಿತು. ಬಾಗಿಲನ್ನು ತಲೆಯ ಮೇಲೆ ಎತ್ತಿಸಿಕೊಂಡು, ಗ್ಯಾಲರಿಯ ಕಡೆ ಮುಖ ಮಾಡಿ ಹೇಳಿದಳು:

"ನಿಮ್ಮ ಕೀಲಿ ನಿಮಗಿರ್ಲಿ. ನನ್ನ ಬಾಗಿಲಾ ನಾ ಒಯ್ತೀನಿ."

ಅವಳು ಬಾಗಿಲು ಹೊತ್ತು ಗಲ್ಲಿಯಲ್ಲಿ ತಿರುಗಿದಳು. ಆಮೇಲೆ ನನ್ನ ಮಗಳು ಕಿಸಕ್ಕನೆ ನಕ್ಕಳು. ಅವಳ ಹಿಂದೆ ಉಳಿದ ಹುಡುಗಿಯರೂ ನಕ್ಕರು. ಬಾಗಿಲಿಲ್ಲದ ಸಂಡಾಸು, ಅದಕ್ಕೊಂದು ಹಿತ್ತಾಳೆ ಬೀಗ. ಎರಡನೇ ಮಾಳಿಗೆಯವರು ಒಳಗೆ ಹೋಗಿ ರೇಡಿಯೋ ಜೋರಾಗಿ ಹಚ್ಚಿದರು.

ಇನ್ನೊಂದು ಬೀಗ ಹಾಗೇ ಉಳಿಯಿತು. ಬಸ್ತಿಯವರು ಆ ಕೋಣೆಯ ಕಡೆ ನೋಡುವುದನ್ನೇ ಬಿಟ್ಟರು. ಒಂದಾಗಿದ್ದ ಸಾಲು ಎರಡಾಯಿತು. ಮಾವುಶಿ ನನ್ನ ಜೊತೆ ಮೊದಲಿನಂತೆಯೇ ಮಾತಾಡುತ್ತಿದ್ದಳು. ಆದರೆ ನಾನೇ ಸೊಪ್ಪು ತರಲು ಹೋದಾಗ ಅವಳ ಕಣ್ಣು ತಪ್ಪಿಸುತ್ತಿದ್ದೆ. ಬೀಗ ಹಾಕಿದವಳು ನಾನಲ್ಲ, ಆದರೆ ಹಾಕಿದವರ ಚಾಳಿನವಳು ಎಂಬುದಷ್ಟೇ ಕಾರಣ.

ಮುಂದಿನ ಮಳೆಗಾಲದಲ್ಲಿ ನೀರು ಬಂತು. ಕುರ್ಲಾದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಧ್ಯಾಹ್ನದ ಹೊತ್ತಿಗೆ ಬಸ್ತಿಯ ಗಲ್ಲಿಗಳಲ್ಲಿ ಮೊಣಕಾಲಿನವರೆಗೆ ಇತ್ತು, ಮಗಳು ಶಾಲೆಯಿಂದ ಬರುವಷ್ಟರಲ್ಲಿ ಸೊಂಟಕ್ಕೆ ಬಂದಿತ್ತು. ಕಂಡಿಯಿಂದ ಜನ ನಮ್ಮ ಕಡೆ ಬಂದರು. ಮೊದಲು ಮಕ್ಕಳನ್ನು ದಾಟಿಸಿದರು, ಆಮೇಲೆ ಪಾತ್ರೆ, ಗ್ಯಾಸ್ ಸಿಲಿಂಡರು, ಒಂದು ಮೇಕೆ. ನಮ್ಮ ಕೋಣೆಗೂ ನೀರು ನುಗ್ಗಿತ್ತು, ಮಷೀನನ್ನು ಮಂಚದ ಮೇಲಿಟ್ಟು ನಾವೂ ಮೇಲಕ್ಕೆ ಹತ್ತಿದೆವು. ಎರಡನೇ ಮಾಳಿಗೆಯ ಗ್ಯಾಲರಿಯ ತುಂಬ ಬಸ್ತಿಯವರು, ನಾವು, ಒದ್ದೆ ಹಾಸಿಗೆಗಳು. ಆ ಮನೆಯ ಹೆಂಗಸು ಬಾಗಿಲು ತೆರೆದು ನೋಡಿದರು. ಮುಚ್ಚುತ್ತಾರೆ ಎಂದುಕೊಂಡೆ. ಅವರು ಒಳಗೆ ಹೋಗಿ ದೊಡ್ಡ ಪಾತ್ರೆಯಲ್ಲಿ ಗಂಜಿಗೆ ಅಕ್ಕಿ ಹಾಕಿದರು. ನನ್ನನ್ನು ಕರೆದು, "ಅಲ್ಲೆಂತ ನಿಂತದ್ದು? ಆ ತಟ್ಟೆ ತೆಗಿ" ಎಂದರು. ಅಷ್ಟು ತಿಂಗಳ ಮೇಲೆ ನನಗೆ ಅವರು ಆಡಿದ ಮೊದಲ ಮಾತು ಅದು.

ಆ ಎರಡು ದಿನ ನಾವೆಲ್ಲ ಅಡ್ಡಪಟ್ಟಿ ಕಿತ್ತು ಹಾಕಿ, ಬಿರುಕು ಬಿಟ್ಟ ಮೇಲಿನ ಸಂಡಾಸನ್ನೇ ಬಳಸಿದೆವು. ಒಬ್ಬರ ಹಿಂದೆ ಒಬ್ಬರು ನಿಂತು, ಗೋಡೆ ಕಿರುಗುಟ್ಟಿದರೆ ಎಲ್ಲರೂ ಒಟ್ಟಿಗೆ ಉಸಿರು ಹಿಡಿಯುತ್ತಿದ್ದೆವು. "ಹೋದ್ರ ಎಲ್ಲಾರೂ ಕೂಡೇ ಹೋಗೂದು" ಎಂದಳು ಮಾವುಶಿ.

ನೀರು ಇಳಿದ ಮೇಲೆ ಬಸ್ತಿಯ ಸಂಡಾಸಿನ ತುಂಬ ಕೆಸರು. ಆರೂ ಕೋಣೆಗಳಲ್ಲಿ ಮೊಣಕಾಲುದ್ದ ಕಪ್ಪು ರಾಡಿ, ಪ್ಲಾಸ್ಟಿಕ್ಕು, ಒಂದು ಸತ್ತ ಹೆಗ್ಗಣ. ಎರಡೂ ಕಡೆಯ ಹೆಂಗಸರು ಸೇರಿ ತೆಗೆದೆವು. ಎರಡನೇ ಮಾಳಿಗೆಯವರು ನೈಟಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕಬ್ಬಿಣದ ಪುಟ್ಟಿ ದಾಟಿಸುತ್ತಿದ್ದರು. ಕೆಲಸ ನಡೆಯುತ್ತಿದ್ದಾಗ ಮಾವುಶಿ ಆ ಬಾಗಿಲನ್ನು ಹೊತ್ತುಕೊಂಡು ಬಂದಳು. ಯಾರೂ ಕೇಳಿರಲಿಲ್ಲ.

"ಮನ್ಯಾಗ ಜಾಗಾ ಇಲ್ರಿ" ಎಂದಳು, ಯಾರ ಮುಖವನ್ನೂ ನೋಡದೆ.

ಎರಡನೇ ಮಾಳಿಗೆಯವರು ಪುಟ್ಟಿ ಕೆಳಗಿಟ್ಟು, ಕಾಕಾ ಸ್ಕ್ರೂ ಬಿಗಿಯುವವರೆಗೆ ಬಾಗಿಲಿನ ಇನ್ನೊಂದು ತುದಿಯನ್ನು ಹಿಡಿದು ನಿಂತರು. ಕ್ಷಮೆ ಗಿಮೆ ಯಾರೂ ಕೇಳಲಿಲ್ಲ. ಕೆಸರು ತೆಗೆಯಲೆಂದು ಬಿಚ್ಚಿದ್ದ ಇನ್ನೊಂದು ಬೀಗವನ್ನು ಮತ್ತೆ ಯಾರೂ ಹಾಕಲಿಲ್ಲ, ಅದರ ಮಾತನ್ನೂ ಎತ್ತಲಿಲ್ಲ.

ಕಥೆ ಇಲ್ಲಿ ಮುಗಿದರೆ ಚೆಂದ ಎಂದು ಕೇಳಿದವರೆಲ್ಲ ಹೇಳುತ್ತಾರೆ. ಒಮ್ಮೆ ಮುಂಬಯಿಯಲ್ಲಿರುವ ನಮ್ಮ ಊರ ಕಡೆಯವರ ಯಾವುದೋ ಸಂಸ್ಥೆಯವರು ಬಂದು ಫೋಟೋ ತೆಗೆದುಕೊಂಡು ಹೋದರು. ಆಮೇಲೆ ವಡಾಲದ ಕಡೆ ಒಂದು ಸಭಾಂಗಣಕ್ಕೆ ನಮ್ಮನ್ನು ಕರೆಸಿ ಮಾತಾಡಿಸಿದರು. ಮಾವುಶಿ ಮೈಕಿನ ಎದುರು, "ಬಾಗಿಲಾ ಬೇಕಾಗಿತ್ತು, ತಂದೆ" ಎಂದು ಹೇಳಿ ಕೂತುಬಿಟ್ಟಳು. ನನ್ನನ್ನು, ಈ ಅನುಭವದಿಂದ ನಿಮಗೆ ಎಂಥ ಶಕ್ತಿ ಬಂತು ಎಂದು ಕೇಳಿದರು. ನಾನೇನೋ ಹೇಳಿದೆ, ಚಪ್ಪಾಳೆ ತಟ್ಟಿದರು. ಆ ಸಭಾಂಗಣದ ಲೇಡೀಸ್ ಟಾಯ್ಲೆಟ್ಟಿಗೆ ಹೋದೆ. ಬಿಳಿ ಟೈಲ್ಸು, ಒಳ್ಳೆಯ ಚಿಲಕ, ನಲ್ಲಿಯಲ್ಲಿ ನೀರು. ಹೊರಗೆ ಯಾರೂ ಕಾಯುತ್ತಿರಲಿಲ್ಲ, ಬಾಗಿಲು ಬಡಿಯುತ್ತಿರಲಿಲ್ಲ. ಕೆಲಸ ಮುಗಿದ ಮೇಲೂ ಸುಮ್ಮನೆ ಅಲ್ಲೇ ಕೂತಿದ್ದೆ. ಏಳಲು ಮನಸ್ಸಾಗಲಿಲ್ಲ.

ಯಾಕೆಂದರೆ ನಿಜವಾದ ಕೆಲಸ ಆಮೇಲೆಯೇ ಇದ್ದದ್ದು. ಅದನ್ನು ಯಾರೂ ಫೋಟೋ ತೆಗೆಯುವುದಿಲ್ಲ. ಮಳೆಗೆ ಮರದ ಬಾಗಿಲು ಉಬ್ಬುತ್ತದೆ, ಬೇಸಿಗೆಗೆ ಸೀಳು ಬಿಡುತ್ತದೆ. ಬಲ್ಬನ್ನು ಯಾರೋ ಕಳಚಿಕೊಂಡು ಹೋಗುತ್ತಾರೆ. ನಲ್ಲಿ ತಿರುಗಿಸುವವರು ಮುಚ್ಚುವುದಿಲ್ಲ. ಶುಚಿ ಮಾಡಲು ಬರುವವಳಿಗೆ ಜ್ವರ ಬಂದರೆ ಬದಲಿಗೆ ಯಾರು ಎಂಬ ಪ್ರಶ್ನೆಗೆ ಎಲ್ಲರೂ ನನ್ನ ಬಾಗಿಲ ಕಡೆ ನೋಡುತ್ತಾರೆ. ಊಟಕ್ಕೆ ಕೂತಾಗ, ಮಷೀನಿನಲ್ಲಿ ದಾರ ಪೋಣಿಸುವಾಗ, ತಲೆಗೆ ಎಣ್ಣೆ ಹಚ್ಚಿ ಕೂತಾಗ, "ಆಂಟಿ, ವೋ ಸಂಡಾಸ್ ಮೇಂ..." ಎಂದು ಸಂಡಾಸಿನ ದೂರು ಹೊತ್ತು ಯಾರಾದರೂ ಬಂದೇ ಬರುತ್ತಿದ್ದರು. ವರ್ಷಗಟ್ಟಲೆ ನಾನು ಎದ್ದು ಹೋದೆ. ಹೋಗುವಾಗ ಯಾರಿಗೂ ಏನೂ ಅನ್ನಲಿಲ್ಲ, ಬಂದ ಮೇಲೆ ಮನೆಯವರ ಮೇಲೆ ಹರಿಹಾಯುತ್ತಿದ್ದೆ.

ಅಷ್ಟರಲ್ಲಿ ಮಾವುಶಿಯ ಮೊಣಕಾಲುಗಳು ಹೋದವು. ಎಷ್ಟು ಅಂತಸ್ತುಗಳಿಗೆ ಸಿಮೆಂಟು ಹೊತ್ತ ಕಾಲುಗಳೋ. ಕುಕ್ಕರಗಾಲಲ್ಲಿ ಕೂರಲು ಆಗುತ್ತಿರಲಿಲ್ಲ, ಕೂತರೆ ಏಳಲು ಆಗುತ್ತಿರಲಿಲ್ಲ. ಇಬ್ಬರು ಒಳಗೆ ಹೋಗಿ ಎಬ್ಬಿಸಬೇಕಿತ್ತು. ಒಂದು ಕೋಣೆಯಲ್ಲಿ ಕಮೋಡು ಹಾಕಿಸೋಣ ಎಂದು ನಾನು ಹೊರಟೆ. ವಯಸ್ಸಾದವರು ಇನ್ನೂ ಇದ್ದರು, ಎಲ್ಲರಿಗೂ ಅನುಕೂಲ. ಆದರೆ ಬಸ್ತಿಯ ಸೊಸೆಯಂದಿರೇ ಬೇಡ ಎಂದರು. ಕಮೋಡಿನ ಕೋಣೆಗೆ ಉಳಿದವರು ಹೋಗುವುದಿಲ್ಲ, ಒಂದು ಕೋಣೆ ಕಡಿಮೆಯಾಗುತ್ತದೆ, ಬೆಳಗಿನ ಸಾಲು ಉದ್ದವಾಗುತ್ತದೆ. ಅವರ ಮಾತೂ ಸುಳ್ಳಲ್ಲ. ವಾದಿಸಿ ವಾದಿಸಿ, ಕೊನೆಗೆ ತುದಿಯ ಕೋಣೆಯಲ್ಲಿ ಹಾಕಿಸಿದೆವು. ಮಾವುಶಿಯನ್ನು ಕೈಹಿಡಿದು ಕರೆದುಕೊಂಡು ಹೋದೆ. ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ.

"ಮಾವುಶಿ, ಆಯಿತಾ?"

"ಎಲ್ಲಿ ಆಗ್ತದ್ರಿ ಅಕ್ಕಾರ. ಕುರ್ಚಿ ಮ್ಯಾಲ ಕುಂತ್ರ ಯಾರರ ಚಾ ತಂದು ಕೊಡ್ತಾರೇನೋ ಅನಸ್ತದ."

ನಗುತ್ತ ನಗುತ್ತ ನನಗೆ ಕಣ್ಣಲ್ಲಿ ನೀರು ಬಂತು. ಅವಳು ಅದಕ್ಕೆ ಹೊಂದಿಕೊಳ್ಳುವಷ್ಟರಲ್ಲಿ ಬೇರೆ ಇದ್ದ ಅವಳ ಮಗ ಬಂದು ಅವಳನ್ನು ದೂರದ ದಿವಾ ಸ್ಟೇಷನ್ ಕಡೆ ತಾನು ಮಾಡಿದ ಹೊಸ ಖೋಲಿಗೆ, ಒಂದು ಕೋಣೆಯ ಮನೆಗೆ, ಕರೆದುಕೊಂಡು ಹೋದ. ಅಲ್ಲಿ ಮನೆಯೊಳಗೇ ಎಲ್ಲ ಇದೆಯಂತೆ. ಹೊರಡುವ ದಿನ ನಾನು ಅವಳಿಗೊಂದು ಬ್ಲೌಸ್ ಹೊಲಿದು ಕೊಟ್ಟೆ. ತೋಳು ಬಿಗಿಯಾಯಿತು ಎಂದು ಬೈದಳು. ಈಗಲೂ ಫೋನು ಮಾಡುತ್ತಾಳೆ. ಅಲ್ಲಿ ಮಾತಾಡಲು ಯಾರೂ ಇಲ್ಲ, ಎಲ್ಲರೂ ಬಾಗಿಲು ಹಾಕಿಕೊಂಡು ಕೂರುತ್ತಾರೆ ಎನ್ನುತ್ತಾಳೆ.

ಅವಳು ಹೋದ ಮೇಲೆ ನನಗೆ ಈ ಕೆಲಸದಲ್ಲಿ ಉಸಿರು ಉಳಿಯಲಿಲ್ಲ. ಅವಳಿದ್ದಾಗಲೂ ದಣಿವು ಇತ್ತು, ಆದರೆ ದಣಿದು ಕೂತಾಗ ಪಕ್ಕದಲ್ಲಿ ಅವಳು ಇರುತ್ತಿದ್ದಳು, ಎಲೆಅಡಿಕೆ ಜಗಿಯುತ್ತ. ಹೋದ ಗಣಪತಿ ಹಬ್ಬದ ಹೊತ್ತಿಗೆ ಚಾಳಿನವರಿಗೂ ಬಸ್ತಿಯವರಿಗೂ ನಾನು ಹೇಳಿಬಿಟ್ಟೆ: ಇನ್ನು ನನ್ನ ಕೈಯಲ್ಲಿ ಆಗುವುದಿಲ್ಲ, ಯಾರಾದರೂ ನೋಡಿಕೊಳ್ಳಿ. ಯಾರೂ ನಂಬಲಿಲ್ಲ. ಆಂಟಿ ಸಿಟ್ಟಿನಲ್ಲಿ ಹೇಳಿದ್ದು ಎಂದುಕೊಂಡರು.

ಸ್ವಲ್ಪ ದಿನಗಳ ಹಿಂದೆ ಮಧ್ಯಾಹ್ನ ಬಸ್ತಿಯ ಒಬ್ಬಳು ಸೊಸೆ ಬಂದಳು. ಕಮೋಡು ಬೇಡ ಎಂದು ನನ್ನೊಡನೆ ಹೆಚ್ಚು ಜಗಳವಾಡಿದವಳೇ. ಪೈಪು ಒಡೆದು ನೀರೆಲ್ಲ ಗಲ್ಲಿಗೆ ಹರಿಯುತ್ತಿದೆ, ಪ್ಲಂಬರ್ ಬಂದಿಲ್ಲ, ನೀವು ಬರಬೇಕು ಎಂದಳು.

"ನನಗೆ ಆಗುವುದಿಲ್ಲ" ಎಂದೆ.

"ಹಂಗಂದ್ರ ಹ್ಯಾಂಗ್ರಿ? ನಿಮಗ ಎಲ್ಲಾ ಗೊತ್ತದ."

"ನಿಮಗೂ ಗೊತ್ತಾಗುತ್ತದೆ."

ಅವಳು ಸೆರಗು ಕೊಡವಿಕೊಂಡಳು. ಮುಖ ಗಂಟು ಹಾಕಿಕೊಂಡು ಹೋದಳು. ನಾನು ಬಾಗಿಲು ಎಳೆದುಕೊಂಡು ಮಲಗಿದೆ. ನಿದ್ದೆ ಬರುವುದಿಲ್ಲ ಎಂದುಕೊಂಡಿದ್ದೆ. ಬಂತು. ಮನೆಯವರು ಬಂದು ಎಬ್ಬಿಸುವವರೆಗೆ ಸತ್ತವಳ ಹಾಗೆ ಮಲಗಿದ್ದೆನಂತೆ.

ಮರುದಿನ ಹೋಗಿ ನೋಡಿದೆ. ಪೈಪು ಸರಿಯಾಗಿತ್ತು. ಆ ಸೊಸೆ ಮತ್ತು ನಮ್ಮ ಚಾಳಿನ ಇಬ್ಬರು ಹುಡುಗಿಯರು ಎಲ್ಲಿಂದಲೋ ಪ್ಲಂಬರನನ್ನು ಹಿಡಿದು ತಂದಿದ್ದರು. ಹೊಸ ನಲ್ಲಿಯನ್ನು ತೀರಾ ಮೇಲೆ ಕೂರಿಸಿದ್ದರು, ಬಕೆಟ್ಟನ್ನು ಎತ್ತಿ ಹಿಡಿಯಬೇಕು, ನೀರು ಮೈಮೇಲೆಲ್ಲ ಸಿಡಿಯುತ್ತದೆ. ನನ್ನನ್ನು ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದೆ. ಕೇಳಿರಲಿಲ್ಲ. ಸ್ವಲ್ಪ ಚುಚ್ಚಿದಂತಾಯಿತು, ಇಲ್ಲವೆನ್ನುವುದಿಲ್ಲ.

ಸಾಲಿನಲ್ಲಿ ನಿಂತಿದ್ದ ಆ ಸೊಸೆ ನನ್ನನ್ನು ನೋಡಿಯೂ ನೋಡದ ಹಾಗೆ ನಿಂತಿದ್ದಳು. ನಾನೂ ಬಕೆಟ್ಟು ಹಿಡಿದು ಸಾಲಿನ ಕೊನೆಗೆ ನಿಂತೆ. ನನ್ನ ಸರದಿ ಬಂತು, ಬಕೆಟ್ಟು ಎತ್ತಿ ಹಿಡಿದು ನೀರು ತುಂಬಿಸಿಕೊಂಡೆ. ಮನೆಗೆ ಬಂದು ಒದ್ದೆಯಾದ ಸೀರೆ ಬದಲಾಯಿಸಿದೆ. ಒಂದು ಮದುವೆ ಮನೆಯ ಬ್ಲೌಸುಗಳು ಬಾಕಿ ಇದ್ದವು, ಕೂತು ಹೊಲಿದೆ.